ಅಂಗೈ ಸಾಕ್ಷಿ

ಕಾಫಿ ಪಾತ್ರೆಗೆ ತನ್ನ ಎಡಗೈಯ ತೋರುಬೆರಳು ಒತ್ತಿಕೊಂಡಿದೆ ಎಂಬುದು ಓರ್ವಿಲ್ ಕುಚೆರಾನಿಗೆ ಗೊತ್ತಾದದ್ದು ವಾಸನೆಯಿಂದ. ಬ್ರೆಡ್ಡು ಸೀಯುತ್ತಿದೆ ಅಂದುಕೊಂಡ. ಸೀದ ಬ್ರೆಡ್ಡಿನ ವಾಸನೆ ಹೀಗಿರುವುದಿಲ್ಲವಲ್ಲ, ಇದೇನೋ ಕೂದಲು ಸುಟ್ಟ ಹಾಗಿದೆ, ಊರಲ್ಲಿ ಅಪ್ಪ ಹಂದಿ ಕೊಯ್ದ ಮೇಲೆ ರೋಮ ಸುಡುತ್ತಿದ್ದ ಹಾಗಿದೆ ಎಂದು ಮನಸ್ಸಿನಲ್ಲೇ ನೆಬ್ರಾಸ್ಕಾದ ಆ ಅಂಗಳದಲ್ಲಿ ಒಂದು ಗಳಿಗೆ ನಿಂತು ಬರುವಷ್ಟರಲ್ಲಿ ಹೆಂಡತಿ ಲುಡ್ಮಿಲಾ ಚೀರಿದಳು.

“ಅಯ್ಯೋ, ಕೈ ರೀ! ಕೈ ತೆಗೀರಿ ಅಲ್ಲಿಂದ!”

ತೆಗೆದ. ಬೆರಳಿನ ತುದಿ ಬೆಳ್ಳಗಿತ್ತು, ಅದರ ಕೆಳಗೆ ಕೆಂಪಗೆ ಒಂದು ಗೆರೆ. ಇದು ಯಾರದೋ ಬೆರಳು, ತನ್ನ ಹತ್ತಿರ ಯಾರೋ ಇಟ್ಟು ಹೋಗಿದ್ದಾರೆ ಅನ್ನುವ ಹಾಗೆ ಅದನ್ನೇ ನೋಡಿದ. ಆಮೇಲೆ ನೆನಪಾಗಿ ಮುಖ ಕಿವುಚಿ, ಹಲ್ಲು ಕಚ್ಚಿ “ಸ್ಸ್” ಅಂದ.

“ಚರ್ಮ ಚುರುಚುರು ಅಂತಿತ್ತಲ್ಲ, ನೋವಾಗ್ಲಿಲ್ವಾ ನಿಮಗೆ?”

“ಆಗ್ದೆ ಏನು? ಆಯ್ತು.”

“ಆಗಿದ್ದಿದ್ರೆ ಆವಾಗ್ಲೇ ಸ್ಸ್ ಅಂತಿದ್ರಿ. ನಾನು ಕೂಗಿದ ಮೇಲೆ ಅಂದ್ರಿ.”

ಅವಳು ಬೆಣ್ಣೆ ತಂದು ಹಚ್ಚಿದಳು. ಅವಳ ಬೆರಳು ತನ್ನ ಬೆರಳ ಮೇಲೆ ಓಡಾಡುವುದನ್ನು ಅವನು ಕಣ್ಣಲ್ಲಿ ನೋಡಿದನೇ ಹೊರತು ಬೇರೆ ಯಾವ ರೀತಿಯಲ್ಲೂ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಒಟ್ಟಿಗೆ ಬಾಳಿದ ಹೆಂಡತಿಯ ಮುಂದೆ ನೋವನ್ನು ನಟಿಸಬೇಕಾಗಿ ಬಂತಲ್ಲ, ಅದೂ ಇಷ್ಟು ಕೆಟ್ಟದಾಗಿ, ಎಂದು ನಾಚಿಕೆಯಾಯಿತು. ಗ್ಲೌಸಿನೊಳಗೆ ಇಟ್ಟುಕೊಳ್ಳಲು ಪಾತ್ರೆ ತೊಳೆಯುವ ಹೊಸ ಸ್ಪಂಜು ಇನ್ನೊಂದಿದೆಯಾ ಎಂದು ಕೇಳಬೇಕೆಂದಿದ್ದವನು ಕೇಳದೆ, ಅವಳು ಆ ಕಡೆ ತಿರುಗಿದಾಗ ಸಿಂಕಿನ ಮೇಲಿದ್ದ ಸ್ಪಂಜನ್ನೇ ಹಿಂಡಿ ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ಕೂತ ಮೇಲೆ ಪ್ಯಾಂಟು ಒದ್ದೆಯಾಗಿರುವುದು ತೊಡೆಗೆ ತಿಳಿಯಿತು. ತೊಡೆಗೆ ತಿಳಿಯುತ್ತದೆ. ತೊಡೆ ಇನ್ನೂ ಚೆನ್ನಾಗಿದೆ.

ಅವನ ಕೆಲಸವೇ ಆ ಕೈ. ಲೇಕ್‌ಪೋರ್ಟಿನ ಬೇಸ್‌ಬಾಲ್ ತಂಡಕ್ಕೆ ಹೆರನ್ಸ್ ಎಂದು ಹೆಸರು, ಎದೆಯ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ. ಈ ವರ್ಷ ಸೋತು ಸೋತು ಸುಣ್ಣವಾದ ಮೇಲೆ, ಅದು ಇನ್ನೊಂದು ಕಾಲನ್ನು ಯಾವಾಗ ಕೆಳಗಿಡುತ್ತದೆ ಎಂದು ಊರಿನ ಪೇಪರಿನವರು ತಮಾಷೆ ಮಾಡುತ್ತಿದ್ದರು. ಮೈದಾನದ ಎಡಮೂಲೆಯಲ್ಲಿ, ಹಲಗೆ ಬೇಲಿಯ ಹಿಂದೆ, ಆಟದ ನಡುವೆ ಕರೆ ಬಂದಾಗ ಹೋಗಿ ಚೆಂಡೆಸೆಯಬೇಕಾದ ಪಿಚರ್‌ಗಳು ಕಾದು ಕೂರುವ ಜಾಗವಿದೆ. ಆಟದವರ ಬಾಯಲ್ಲಿ ಅದು ಗೂಳಿದೊಡ್ಡಿ. ದೊಡ್ಡಿಯ ಗೋಡೆಗೆ ಒಂದು ಕಪ್ಪು ಫೋನಿದೆ. ಆ ತುದಿಯ ಬೆಂಚಿನಿಂದ ಮ್ಯಾನೇಜರ್ ಫೋನು ಮಾಡಿ ಇಂಥವನನ್ನು ಎಬ್ಬಿಸು ಅನ್ನುತ್ತಾನೆ. ಇಂಥವನು ಎದ್ದು, ಚೆಂಡು ಹಿಡಿಯುವ ಕ್ಯಾಚರ್ ಕುಚೆರಾನ ಗ್ಲೌಸಿಗೆ ಇಪ್ಪತ್ತು ಮೂವತ್ತು ಚೆಂಡು ಎಸೆದು ತೋಳು ಬಿಸಿ ಮಾಡಿಕೊಳ್ಳುತ್ತಾನೆ. ಫೋನು ಮತ್ತೆ ಬಾರಿಸುತ್ತದೆ. “ಹೇಗಿದೆ?” ಅಷ್ಟೇ ಪ್ರಶ್ನೆ. ಕುಚೆರಾ “ಭಾರ ಇದೆ” ಅಥವಾ “ಭಾರ ಇಲ್ಲ” ಅನ್ನುತ್ತಾನೆ. ಒಬ್ಬ ಎಸೆದರೆ ಅಂಗೈಗೆ ಇಟ್ಟಿಗೆ ಬಿದ್ದ ಹಾಗಿರುತ್ತದೆ, ಇನ್ನೊಬ್ಬ ಅಷ್ಟೇ ಜೋರಾಗಿ ಎಸೆದರೂ ಬನ್ನು ಬಿದ್ದ ಹಾಗಿರುತ್ತದೆ. ಇಟ್ಟಿಗೆಯನ್ನು ಹೊಡೆಯಲು ಹೋದ ಬ್ಯಾಟು ಮುರಿಯುತ್ತದೆ, ಬನ್ನು ಬೇಲಿ ದಾಟಿ ಹೋಗುತ್ತದೆ. ಇದು ಕಣ್ಣಿಗೆ ಕಾಣುವುದಲ್ಲ, ಗಡಿಯಾರ ಹಿಡಿದರೆ ಸಿಕ್ಕುವುದಲ್ಲ. ತೋರುಬೆರಳಿನ ಬುಡದಲ್ಲಿ ಒಂದು ರೂಪಾಯಿಯಗಲದ ಜಾಗವಿದೆಯಲ್ಲ, ಅದಕ್ಕೆ ಮಾತ್ರ ಗೊತ್ತಾಗುವುದು. ಕುಚೆರಾ ಆಟಗಾರನಾಗಿ ದೊಡ್ಡ ಲೀಗಿನಲ್ಲಿ ಆಡಿದ್ದು ನಲವತ್ತೊಂದೇ ಪಂದ್ಯ. ಆ ರೂಪಾಯಿಯಗಲದ ಜಾಗ ಅವನನ್ನು ಇಪ್ಪತ್ತು ವರ್ಷ ಸಾಕಿತ್ತು. ಜುಲೈಯಲ್ಲಿ ಅದು ಸತ್ತುಹೋಯಿತು. ಅವನು ಯಾರಿಗೂ ಹೇಳಲಿಲ್ಲ.

ಬಟ್ಟೆ ಬದಲಾಯಿಸುವ ಕೋಣೆಯ ಹೊರಗೆ ಮ್ಯಾನೇಜರ್ ಹಾರ್ಲನ್ ಕ್ರೆಬ್ಸ್ ಅವನನ್ನು ತಡೆದ. ಕ್ರೆಬ್ಸ್ ಈ ವರ್ಷದ ಮೂರನೆಯ ಮ್ಯಾನೇಜರ್. ಆಫೀಸಿನಲ್ಲಿ ಕೂತಿದ್ದವನಿಗೆ ಆಗಸ್ಟಿನಲ್ಲಿ ಕೊಕ್ಕರೆ ಅಂಗಿ ತೊಡಿಸಿ ಕಳಿಸಿದ್ದರು, ಹೊಟ್ಟೆಯ ಹತ್ತಿರ ಗುಂಡಿ ಬಿಗಿಯಾಗುತ್ತಿತ್ತು.

“ನೋಡು ಕುಚಿನ್‌ಸ್ಕಿ,” ಅಂದ ಕ್ರೆಬ್ಸ್.

“ಕುಚೆರಾ, ಸರ್.”

“ಅದೇ. ನಮ್ಮ ಪಿಚರ್ ಲ್ಯಾಂಡ್ರಮ್‌ಗೆ ಮೂವತ್ತಾರು. ಮುಂದಿನ ವರ್ಷ ಯಾರಿರ್ತಾರೆ ಯಾರಿಲ್ಲ ಅಂತ ನಾಳೆ ಬೆಳಿಗ್ಗೆ ಆಫೀಸಿಗೆ ಪಟ್ಟಿ ಕೊಡ್ಬೇಕು. ಇವತ್ತು ಅವನನ್ನ ಎಬ್ಬಿಸು ಅಂತ ಫೋನ್ ಮಾಡ್ತೀನಿ. ನೀನು ಸರಿಯಾಗಿ ನೋಡಿ ಹೇಳು. ಭಾರ ಇದೆ ಅಂದ್ರೆ ಆಟಕ್ಕೆ ಇಳಿಸ್ತೀನಿ. ಇಲ್ಲ ಅಂದ್ರೆ ಇಳಿಸೋದೂ ಇಲ್ಲ, ಹೆಸರು ಹೊಡೆದು ಹಾಕ್ತೀನಿ. ನಂಗೆ ಮುಲಾಜು ಗಿಲಾಜು ಬೇಡ, ಸೀದಾ ಮಾತು ಬೇಕು. ಈ ಟೀಮಲ್ಲಿ ಸೀದಾ ಮಾತಾಡೋನು ನೀನೊಬ್ನೇ ಅಂತ ಕೇಳಿದೀನಿ.”

ಸೀದಾ ಮಾತಾಡೋನು. ಈ ಮಾತನ್ನು ಇವನಿಗೆ ಯಾರು ಹೇಳಿರಬಹುದು ಎಂಬುದು ಕುಚೆರಾನಿಗೆ ಗೊತ್ತಿತ್ತು. ಇವನಿಗಿಂತ ಮುಂಚೆ ಇದ್ದ ಮೆರಿಲ್ ಟೋಬಿನ್. ಮ್ಯಾನೇಜರ್‌ಗಳು ಹೋಗುವಾಗ ಬರುವವರಿಗೆ ಏನೇನೋ ಬಿಟ್ಟು ಹೋಗುತ್ತಾರೆ, ಡ್ರಾಯರಿನಲ್ಲಿ ತಲೆನೋವಿನ ಮಾತ್ರೆ, ಗೋಡೆಯ ಮೇಲೆ ಕ್ಯಾಲೆಂಡರು. ಟೋಬಿನ್ ಈ ಮಾತು ಬಿಟ್ಟು ಹೋಗಿದ್ದಾನೆ.

ಮಧ್ಯಾಹ್ನದ ಬಿಸಿಲಿನಲ್ಲಿ ಆಟ ಶುರುವಾಯಿತು. ಸೆಪ್ಟೆಂಬರಿನ ಕೊನೆ, ಸರೋವರದ ಕಡೆಯಿಂದ ತಣ್ಣನೆ ಗಾಳಿ, ಮೂವತ್ತು ಸಾವಿರ ಜನ ಹಿಡಿಯುವ ಸ್ಟೇಡಿಯಮ್ಮಿನಲ್ಲಿ ಎರಡು ಸಾವಿರ ತಲೆ ಇದ್ದರೆ ಹೆಚ್ಚು. ದೊಡ್ಡಿಯಲ್ಲಿ ಸ್ಯಾಲ್ ಪೆಟ್ರೋನಿ ಎಂಬ ದಪ್ಪನೆಯ ಪಿಚರ್ ಕಡಲೆಕಾಯಿ ಸುಲಿಯುತ್ತಾ ಸಿಪ್ಪೆಯನ್ನು ಕುಚೆರಾನ ಬೂಟಿಗೇ ಗುರಿಯಿಟ್ಟು ಎಸೆಯುತ್ತಿದ್ದ. ಹಾಯ್ಟ್ ಲ್ಯಾಂಡ್ರಮ್ ಬೆಂಚಿನ ಆ ತುದಿಯಲ್ಲಿ ಟೋಪಿ ಮುಖದ ಮೇಲಿಟ್ಟುಕೊಂಡು ಕಾಲು ಚಾಚಿದ್ದ. ಆರ್ಕನ್ಸಾದ ಹಳ್ಳಿಯವನು, ಎಡಚ, ಉದ್ದನೆಯ ಆಸಾಮಿ. ಮಾತಾಡಿದರೆ ಒಂದೊಂದು ಪದಕ್ಕೂ ಕಾಲು ನೀಡಿ ಕೂರುವಷ್ಟು ಪುರುಸೊತ್ತು ಅವನಿಗೆ.

“ಹಾಯ್ಟ್, ಮುಂದಿನ ವರ್ಷ ಇಷ್ಟು ಹೊತ್ತಿಗೆ ಏನ್ ಮಾಡ್ತಿರ್ತೀಯೋ?” ಅಂದ ಸ್ಯಾಲ್.

“ನಿನ್ನ ಕಡಲೆಕಾಯಿ ತಿಂತಿರ್ತೀನಿ.”

“ಅಷ್ಟು ಧೈರ್ಯನಾ? ನಂಗೆ ನನ್ನ ಮೇಲೇ ಇಲ್ಲಪ್ಪ. ಏಪ್ರಿಲಿಂದ ಮೂರು ಮ್ಯಾನೇಜರು. ನಮ್ಮತ್ತೆ ಮನೇಲಿ ಬೆಕ್ಕು ಕೂಡ ಇಷ್ಟು ಬೇಗ ಬದಲಾಗಲ್ಲ.” ಸ್ಯಾಲ್ ಕುಚೆರಾನ ಕಡೆ ತಿರುಗಿದ. “ಕೂಚ್, ನೀನೇ ಆಗಿಬಿಡೋ ನಾಲ್ಕನೇದು. ಫೋನಿಗೆ ನೀನೇ ಫೋನ್ ಮಾಡ್ಕೊಂಡು ನೀನೇ ಉತ್ತರ ಕೊಡು.”

ಹಾಯ್ಟ್ ಟೋಪಿಯೊಳಗಿಂದ ನಕ್ಕ. ಕುಚೆರಾನೂ ನಕ್ಕ. ನಕ್ಕದ್ದು ಕಿವಿಗೆ ಬಿದ್ದ ಕೂಡಲೇ ಜೂನಿನಲ್ಲಿ ನಕ್ಕದ್ದು ನೆನಪಾಯಿತು. ಕಾರು ನಿಲ್ಲಿಸುವ ಜಾಗದಲ್ಲಿ ಆಫೀಸಿನವನೊಬ್ಬ ಹೆಗಲ ಮೇಲೆ ಕೈಹಾಕಿ, “ಏನಪ್ಪಾ, ನಿಮ್ಮ ಗಸ್ ಡೀಟ್ಸ್ ಬೆಂಚಿನ ಮೇಲೆ ಗೊರಕೆ ಹೊಡೀತಾನಂತಲ್ಲ?” ಅಂದಿದ್ದ. ಗಸ್ ಡೀಟ್ಸ್ ಅರವತ್ತೆರಡರ ಮುದುಕ, ಈ ವರ್ಷದ ಮೊದಲನೆಯ ಮ್ಯಾನೇಜರ್. ಕುಚೆರಾನನ್ನು ಚಿಕ್ಕ ಲೀಗಿನಿಂದ ಎತ್ತಿ ತಂದು ಈ ದೊಡ್ಡಿಯಲ್ಲಿ ಕೂರಿಸಿದವನೇ ಅವನು. ಅವನು ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದು ನಿಜ. ನಿದ್ದೆಗಲ್ಲ, ಬ್ಯಾಟಿನ ಸದ್ದು ಕೇಳಲು. ಅಷ್ಟು ಹೇಳಿದ್ದರೆ ಸಾಕಿತ್ತು. ಕುಚೆರಾ ನಕ್ಕುಬಿಟ್ಟ. ಯಾಕೆ ನಕ್ಕೆ ಎಂದು ಆಮೇಲೆ ನೂರು ಸಲ ಕೇಳಿಕೊಂಡಿದ್ದಾನೆ. ದೊಡ್ಡವನೊಬ್ಬ ಹೆಗಲ ಮೇಲೆ ಕೈಯಿಟ್ಟು ತಮಾಷೆ ಮಾಡಿದರೆ ನಗುವುದು ಮರ್ಯಾದೆ ಎಂದೇ? ಮೂರು ದಿನಕ್ಕೆ ದೊಡ್ಡಿಯ ಫೋನು ಬಾರಿಸಿತು. ಎತ್ತಿದರೆ ಗಸ್‌ನ ಗುರುಗುಟ್ಟುವ ದನಿಯ ಬದಲು ತೆಳ್ಳನೆಯ, ಎಳೆಯ ದನಿ. “ದಯವಿಟ್ಟು ಸ್ಯಾಲ್ ಅವರನ್ನ ಎಬ್ಬಿಸ್ತೀರಾ? ಅಂದ್ಹಾಗೆ ತಾವು ಯಾರು, ಹುಲ್ಲು ಕತ್ತರಿಸೋರಾ?” ಬೆಳಿಗ್ಗೆಯೇ ಗಸ್‌ನನ್ನು ಕಳಿಸಿದ್ದರು. ದೊಡ್ಡಿಗೆ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಕುಚೆರಾ “ಅಲ್ಲ ಸರ್, ನಾನು ಕ್ಯಾಚರ್” ಅಂದ. ಹಾಗನ್ನುವಾಗ ಅವನಿಗೆ ಅಳು ಬಂದದ್ದು ಗಸ್‌ಗಾಗಿಯೋ ಹುಲ್ಲು ಕತ್ತರಿಸುವವನು ಅನ್ನಿಸಿಕೊಂಡದ್ದಕ್ಕೋ ಇವತ್ತಿಗೂ ಅವನಿಗೆ ಬಗೆಹರಿದಿಲ್ಲ.

ಆ ಎಳೆಯ ದನಿಯೇ ಟೋಬಿನ್. ಒಳ್ಳೆಯವನು, ಪಾಪ. ಎಲ್ಲರಿಗೂ ತಾವು ತಾವು ಅನ್ನುತ್ತಿದ್ದ. ಅವನು ಬಂದ ಮೂರು ವಾರಕ್ಕೆ ಜುಲೈ ನಾಲ್ಕು, ಹಬ್ಬದ ದಿನ, ಒಂದೇ ದಿನ ಎರಡು ಪಂದ್ಯ. ಸುಡುಬಿಸಿಲಲ್ಲಿ ಕುಚೆರಾ ಮುನ್ನೂರಕ್ಕೂ ಹೆಚ್ಚು ಚೆಂಡು ಹಿಡಿದ. ಅವತ್ತು ಬೆರಳು ಬೆಳ್ಳಗಾಯಿತು. ಮೊದಲು ಜೋಮು ಹಿಡಿದಂತಿತ್ತು, ಆಮೇಲೆ ಅದೂ ಇಲ್ಲ. ನಾಳೆ ಸರಿಹೋಗುತ್ತದೆ ಅಂದುಕೊಂಡ. ತಂಡದ ಡಾಕ್ಟರಿಗೆ ತೋರಿಸಿದರೆ ಸಂಜೆಯೊಳಗೆ ಆಫೀಸಿಗೆ ಗೊತ್ತಾಗುತ್ತದೆ. ಕೈ ಸತ್ತ ಕ್ಯಾಚರನ್ನು ಯಾರು ಇಟ್ಟುಕೊಳ್ಳುತ್ತಾರೆ? ಸ್ಪಂಜು ಇಟ್ಟುಕೊಂಡ. ಸದ್ದು ಕೇಳಿ ಹೇಳಲು ಶುರುಮಾಡಿದ. ಗ್ಲೌಸಿನ ಗುಳಿಗೆ ಸರಿಯಾಗಿ ಚೆಂಡು ಬಿದ್ದರೆ ಠಪ್ಪೆಂದು ಬಂದೂಕಿನ ಹಾಗೆ ಸದ್ದಾಗುತ್ತದೆ. ಆದರೆ ಆ ಸದ್ದು ಹುಟ್ಟಿಸುವುದು ಪಿಚರ್ ಅಲ್ಲ, ಹಿಡಿಯುವವನು. ಹೆದರಿದ ಪಿಚರ್‌ಗಳಿಗೆ ಧೈರ್ಯ ಬರಲೆಂದು ಕುಚೆರಾನೇ ಇಷ್ಟು ವರ್ಷ ಬೇಕೆಂದಾಗ ಬೇಕಾದಷ್ಟು ಠಪ್ಪೆನ್ನಿಸಿದ್ದಾನೆ. ತಾನೇ ಕಟ್ಟಿದ ಸುಳ್ಳಿಗೆ ತಾನೇ ಕಿವಿಗೊಟ್ಟು ಕೂತ.

ಜುಲೈ ಇಪ್ಪತ್ತಾರಕ್ಕೆ ಹೆರನ್ಸ್ ಒಂದು ರನ್ ಮುಂದಿತ್ತು. ಹಾಯ್ಟ್ ಎದ್ದು ಎಸೆಯುತ್ತಿದ್ದ. ಚೆಂಡು ಬರುತ್ತಿತ್ತು, ಹೋಗುತ್ತಿತ್ತು, ಅಂಗೈಯಲ್ಲಿ ಏನೂ ಇಲ್ಲ. ಏನೆಂದರೆ ಏನೂ ಇಲ್ಲ. ಉಳಿದ ಪಿಚರ್‌ಗಳ ಚೆಂಡು ಮೊಣಕೈವರೆಗಾದರೂ ಒಂದಿಷ್ಟು ನೂಕುತ್ತಿತ್ತು, ಹಾಯ್ಟ್‌ನದು ಅದೂ ಇಲ್ಲ. ಫೋನು ಬಾರಿಸಿತು. “ಹೇಗಿದೆ, ದಯವಿಟ್ಟು?” ಕುಚೆರಾ ಬೆನ್ನು ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, “ಭಾರ ಇಲ್ಲ ಸರ್” ಅಂದ. ಅದು ಹಾಯ್ಟ್‌ನ ತೋಳಿನ ವಿಷಯವಾಗಿತ್ತೋ ತನ್ನ ಕೈಯ ವಿಷಯವಾಗಿತ್ತೋ. ಹೇಳಿದ ಮರುಗಳಿಗೆಯಿಂದ ಇಲ್ಲಿಯವರೆಗೆ ಅವನು ಆ ಪ್ರಶ್ನೆಯನ್ನು, ಹಲ್ಲಿನ ಸಂದಿನ ಎಳೆಯನ್ನು ನಾಲಿಗೆ ತಡಕುವಂತೆ, ತಡಕುತ್ತಲೇ ಇದ್ದಾನೆ. ಟೋಬಿನ್ ಅವತ್ತಿಂದ ಇಪ್ಪತ್ತನಾಲ್ಕು ದಿನ ಹಾಯ್ಟ್‌ನನ್ನು ಮುಟ್ಟಲಿಲ್ಲ. ಬೇರೆಯವರು ಕೊನೆಯ ಇನಿಂಗ್ಸಿನಲ್ಲಿ ಏಳು ಪಂದ್ಯ ಕೈಬಿಟ್ಟರು. ಟೋಬಿನ್‌ನನ್ನು ಕಳಿಸಿದರು. ಹೋಗುವ ದಿನ ಅವನು ಖಾಲಿ ಮೈದಾನವನ್ನು ನಡೆದು ದಾಟಿ ದೊಡ್ಡಿಗೆ ಬಂದು ಕುಚೆರಾನ ಕೈಕುಲುಕಿದ. ಎಡಗೈಯನ್ನು, ಎರಡೂ ಕೈಯಲ್ಲಿ ಹಿಡಿದುಕೊಂಡು. “ಈ ಊರಲ್ಲಿ ನನಗೆ ನಿಜ ಹೇಳಿದ್ದು ತಾವೊಬ್ಬರೇ” ಅಂದ. ಅವನ ಕೈ ಬೆಚ್ಚಗಿತ್ತೋ ತಣ್ಣಗಿತ್ತೋ ಕುಚೆರಾನಿಗೆ ತಿಳಿಯಲಿಲ್ಲ. ಥೂ, ನನ್ನ ಜನ್ಮಕ್ಕೆ, ಅಂದುಕೊಂಡ.

ಕ್ರೆಬ್ಸ್ ಬಂದ ಮೇಲೆ ಹಾಯ್ಟ್‌ನನ್ನು ಎರಡು ಸಲ ಇಳಿಸಿದ್ದಾನೆ, ಎರಡೂ ಆಗಲೇ ಸೋತಾಗಿದ್ದ ಪಂದ್ಯಗಳು. ಒಂದರಲ್ಲಿ ಹಾಯ್ಟ್ ಎದುರಿನ ಮೂರು ಜನರನ್ನು ಸರಸರ ಔಟ್ ಮಾಡಿದ. ಇನ್ನೊಂದರಲ್ಲಿ ಚೆನ್ನಾಗಿ ಬಾರಿಸಿಕೊಂಡ. ಒಂದು ಹೌದು ಅನ್ನುತ್ತದೆ, ಇನ್ನೊಂದು ಅಲ್ಲ ಅನ್ನುತ್ತದೆ. ಕುಚೆರಾ ಎರಡೂ ದಿನ ಹಲಗೆ ಸಂದಿನಿಂದ ಕಣ್ಣಿಟ್ಟು ನೋಡಿದ್ದ, ಹಾಯ್ಟ್ ಸೋಲಲಿ ಎಂದು. ತನ್ನ ಮಾತು ನಿಜವಾಗಲಿ ಎಂದು. ಮೊದಲ ದಿನ ಅವನು ಗೆದ್ದಾಗ ಬೇಜಾರಾದದ್ದೂ ನಿಜ, ಎರಡನೆಯ ದಿನ ಬಾರಿಸಿಕೊಂಡಾಗ ಹಾಯೆನಿಸಿ, ಹಾಗೆನಿಸಿದ್ದಕ್ಕೆ ಊಟ ಸೇರದೆ ಹೋದದ್ದೂ ನಿಜ.

ಏಳನೆಯ ಇನಿಂಗ್ಸಿಗೆ ಎರಡೂ ಕಡೆ ಮೂರು ಮೂರು ರನ್. ಫೋನು ಬಾರಿಸಿತು. ಸ್ಯಾಲ್ ಕಡಲೆಕಾಯಿ ಪೊಟ್ಟಣ ಮಡಿಸಿದ.

“ಲ್ಯಾಂಡ್ರಮ್‌ನ ಎಬ್ಬಿಸು,” ಅಂದ ಕ್ರೆಬ್ಸ್. “ಹತ್ತು ನಿಮಿಷ.”

ಹಾಯ್ಟ್ ಟೋಪಿ ತೆಗೆದು ತಲೆಗಿಟ್ಟುಕೊಂಡು, ಎದ್ದು, ಬೆನ್ನು ನೆಟ್ಟಗೆ ಮಾಡಿಕೊಂಡ. ಅವನಿಗೆ ಪಟ್ಟಿಯ ವಿಷಯ ಗೊತ್ತಿತ್ತೋ ಇಲ್ಲವೋ, ಮುಖದಲ್ಲೇನೂ ಇರಲಿಲ್ಲ. ಅರವತ್ತು ಅಡಿ ಆಚೆ ಮಣ್ಣುದಿಬ್ಬದ ಮೇಲೆ ನಿಂತ. ಕುಚೆರಾ ಕುಕ್ಕರುಗಾಲಲ್ಲಿ ಕೂತು ಗ್ಲೌಸು ಒಡ್ಡಿದ. ಮೊದಲ ಹತ್ತು ಚೆಂಡು ಸುಮ್ಮನೆ ಮೈ ಬಿಡಿಸಿಕೊಳ್ಳಲಿಕ್ಕೆ. ಆಮೇಲಿನವು ಲೆಕ್ಕಕ್ಕೆ. ಹನ್ನೊಂದನೆಯದು ಬಂತು, ಠಪ್ಪ್. ಹನ್ನೆರಡು, ಠಪ್ಪ್. ಅವನು ಕಣ್ಣು ಮುಚ್ಚಿ ಗಸ್‌ನ ಹಾಗೆ ಕೇಳಿದ, ಕಣ್ಣು ಬಿಟ್ಟು ನೋಡಿದ. ಚೆಂಡು ಅಂಗೈಗೆ ಬರುವವರೆಗೂ ಇರುತ್ತಿತ್ತು, ಬಂದ ಮೇಲೆ ಇರುತ್ತಿರಲಿಲ್ಲ. ಬಾವಿಗೆ ಕಲ್ಲು ಹಾಕಿ ಸದ್ದೇ ಬಾರದಿದ್ದರೆ ಬಾವಿಯಲ್ಲಿ ನೀರಿಲ್ಲವೋ ಕಿವಿ ಕೆಟ್ಟಿದೆಯೋ ಹೇಗೆ ಹೇಳುವುದು? ಇನ್ನು ಐದು ನಿಮಿಷಕ್ಕೆ ಫೋನು ಬಾರಿಸುತ್ತದೆ. ಇದೆ ಅಂದರೆ ಅದೂ ಸುಳ್ಳು, ಇಲ್ಲ ಅಂದರೆ ಅದೂ ಸುಳ್ಳು. ಗೊತ್ತಿಲ್ಲ ಅಂದರೆ, ಯಾಕೆ ಗೊತ್ತಿಲ್ಲ ಅನ್ನುತ್ತಾನೆ ಕ್ರೆಬ್ಸ್.

“ಜೋರಾಗಿ ಎಸಿಯೋ,” ಅಂದ.

“ಎಸೀತಿದೀನಲ್ಲ.”

“ಇದು ಜೋರಾ? ನಮ್ಮ ಲುಡ್ಮಿಲಾ ಇದಕ್ಕಿಂತ ಜೋರಾಗಿ ತಟ್ಟೆ ಎಸೀತಾಳೆ. ಪೂರ್ತಿ ಬಿಟ್ಟು ಎಸಿ.”

ಹಾಯ್ಟ್ ಚೆಂಡನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. ಆಮೇಲೆ ದಿಬ್ಬ ಇಳಿದು ಅರ್ಧ ದೂರ ನಡೆದು ಬಂದ, ಸ್ಯಾಲ್‌ಗೆ ಕೇಳಬಾರದೆಂದು.

“ಬೇಡ ಕೂಚ್. ನಿನ್ನ ಕೈಗಾಗಲ್ಲ.”

“ನನ್ನ ಕೈಗೇನಾಗಿದೆ?”

“ಏನಾಗಿದೆ ಅಂತ ನಿಂಗೊತ್ತು. ಜುಲೈ ನಾಲ್ಕಕ್ಕೆ ಎರಡನೇ ಆಟ ಮುಗಿದ ಮೇಲೆ ನೀನು ಗ್ಲೌಸು ಬಿಚ್ಚಿ ಬಕೆಟ್ಟಿಗೆ ಕೈ ಅದ್ದಿದೆ. ತುಂಬಾ ಐಸ್ ಇತ್ತು ಅದ್ರಲ್ಲಿ. ಬಲಗೈ ಅದ್ದಿ ಹಾ ಅಂತ ಎಳ್ಕೊಂಡೆ. ಎಡಗೈ ಅದ್ದಿ ಹಾಗೇ ಬಿಟ್ಕೊಂಡು ಸ್ಯಾಲ್ ಜೊತೆ ಹರಟೆ ಹೊಡೀತಾ ಕೂತೆ. ನಾನು ನೋಡ್ದೆ. ಅವತ್ತಿಂದ ನಿಂಗೆ ಎಸೆಯೋವಾಗ ನಾನು ಅರ್ಧಕ್ಕರ್ಧ ಕಮ್ಮಿ ಮಾಡಿ ಎಸೀತಿದೀನಿ ಮಾರಾಯ. ಆ ಬೆರಳು ಉದುರಿ ಹೋದ್ರೆ ನನ್ನ ಕೈಯಿಂದ ಹೋಗೋದು ಬೇಡ ಅಂತ.”

ಕುಚೆರಾ ಕೂತಲ್ಲೇ ಕೂತ. ಹಾಗಾದರೆ ಅಂಗೈ ಸರಿಯಾಗಿಯೇ ಹೇಳಿತ್ತು. ಭಾರ ಇರಲಿಲ್ಲ. ಇರಲಿಲ್ಲ ಯಾಕೆಂದರೆ ಇವನು ನನಗಾಗಿ ಇಟ್ಟಿರಲಿಲ್ಲ. ಸತ್ತ ಕೈ ನಿಜ ಹೇಳಿ, ಆ ನಿಜವೇ ಸುಳ್ಳಾಗಿ, ಅದರ ಮೇಲೆ ಟೋಬಿನ್ ಹೋಗಿ, ನಾಳೆ ಹಾಯ್ಟ್‌ನೂ ಹೋಗಿ...

“ಟೋಬಿನ್‌ಗೆ ನಾನು ಏನು ಹೇಳ್ದೆ ಅಂತ ಗೊತ್ತಾ ನಿಂಗೆ?”

“ಗೊತ್ತು. ಬೆನ್ನು ತಿರುಗಿಸಿದ್ರೆ ಮಾತು ಗೋಡೆಗೆ ಬಡಿದು ಇನ್ನೂ ಚೆನ್ನಾಗಿ ಕೇಳ್ಸುತ್ತೆ.”

“ಗೊತ್ತಿದ್ದೂ ಸುಮ್ನಿದ್ಯಾ? ಇಪ್ಪತ್ತನಾಲ್ಕು ದಿನ!”

“ಏನಂತ ಹೇಳ್ಲಿ? ಕೂಚ್ ಕೈ ಸತ್ತಿದೆ ಸರ್, ಅದಕ್ಕೇ ಮೆತ್ತಗೆ ಎಸೀತಿದ್ದೆ ಅಂತ? ಸಂಜೆಗೆ ನೀನು ಬಸ್ಸು ಹತ್ತಿರ್ತಿದ್ದೆ.” ಹಾಯ್ಟ್ ಪಕ್ಕಕ್ಕೆ ಉಗಿದ. “ಇವತ್ತೂ ನಿಂಗೇನು ಹೇಳ್ಬೇಕು ಅನ್ಸುತ್ತೋ ಅದೇ ಹೇಳು. ನಾನೇನೂ ಅನ್ನಲ್ಲ.”

ಆ ಕೊನೆಯ ಮಾತೇ ಕುಚೆರಾನನ್ನು ಕೆಣಕಿದ್ದು. ಇಷ್ಟು ಒಳ್ಳೆಯತನ ಯಾರಿಗಾದರೂ ಇರುತ್ತದೆಯೇ? ಮೂವತ್ತಾರರ ಪಿಚರ್, ತೋಳು ಮುಗಿದಿದೆ, ನಾಳೆ ಪಟ್ಟಿ ಹೋಗುತ್ತದೆ. ಅಂಥವನು ಏನು ಹೇಳುತ್ತಾನೆ? ಬೇಕಂತಲೇ ಮೆತ್ತಗೆ ಎಸೆದೆ ಅನ್ನುತ್ತಾನೆ, ನಿನಗೋಸ್ಕರ ಅನ್ನುತ್ತಾನೆ, ನಾನೇನೂ ಅನ್ನಲ್ಲ ಅನ್ನುತ್ತಾನೆ. ಬಕೆಟ್ಟಿನ ವಿಷಯ ನಿಜವಿರಬಹುದು. ಉಳಿದದ್ದು? ಕೃತಜ್ಞತೆ ಉಕ್ಕಿದ್ದೂ ಆಗಲೇ, ಇವನು ನನ್ನನ್ನು ಮಂಗ ಮಾಡುತ್ತಿದ್ದಾನೆ ಅನ್ನಿಸಿದ್ದೂ ಆಗಲೇ. ಎರಡರಲ್ಲಿ ಯಾವುದು ಮೊದಲು ಬಂತೆಂದು ಕೂಡ ಅವನಿಗೆ ತಿಳಿಯಲಿಲ್ಲ. ಎದ್ದು ನಿಂತ. ಗ್ಲೌಸಿನೊಳಗೆ ಕೈಹಾಕಿ ಅಡಿಗೆಮನೆಯ ಸ್ಪಂಜನ್ನು ಎಳೆದು ಬೇಲಿಯ ಕಡೆ ಬಿಸಾಡಿದ. ಆಮೇಲೆ ಗ್ಲೌಸನ್ನೂ ಕಿತ್ತು ಬಿಸಾಡಿದ.

“ಹೋಗು ದಿಬ್ಬಕ್ಕೆ. ಎಸಿ.”

“ಯಾತಕ್ಕೆ? ಬರಿಗೈಗಾ?”

“ಬರಿಗೈಗೆ.”

“ತಲೆ ಕೆಟ್ಟಿದ್ಯಾ ನಿಂಗೆ?” ದೂರದಿಂದ ಸ್ಯಾಲ್ ಎದ್ದು ನಿಂತ. “ಏ, ಏನ್ರೋ ಅದು? ಕೂಚ್, ಗ್ಲೌಸು ಹಾಕ್ಕೊಳೋ!”

“ನಾನೆಸೆಯಲ್ಲ,” ಅಂದ ಹಾಯ್ಟ್.

“ಎಸೆಯಲ್ಲ ಯಾಕಂದ್ರೆ ಇಲ್ಲ ನಿನ್ಹತ್ರ. ಏಪ್ರಿಲಿಂದಾನೇ ಇಲ್ಲ. ನನ್ನ ಕೈ ಹೆಸರು ಹೇಳ್ಕೊಂಡು ಬಚಾವಾಗ್ತಿದೀಯ. ಸುಳ್ಳುಬುರುಕ ನೀನು!”

ಹಾಯ್ಟ್‌ನ ಮುಖ ಕಿವಿಯವರೆಗೆ ಕೆಂಪಾಯಿತು. ಹನ್ನೊಂದು ವರ್ಷದಲ್ಲಿ ಕುಚೆರಾ ಅವನನ್ನು ಹಾಗೆ ನೋಡಿರಲಿಲ್ಲ. ಅವನು ತಿರುಗಿ, ಉದ್ದುದ್ದ ಹೆಜ್ಜೆ ಹಾಕಿ ದಿಬ್ಬ ಹತ್ತಿದ. ಕುಚೆರಾ ಕೂತು ಎಡಗೈಯನ್ನು ಎದೆಯ ಮಟ್ಟಕ್ಕೆ ಚಾಚಿ ಹಿಡಿದ. ಬೆಳಿಗ್ಗೆ ಸುಟ್ಟ ಗೆರೆಯ ಮೇಲೆ ಬೆಣ್ಣೆಯ ಜಿಡ್ಡು ಇನ್ನೂ ಇತ್ತು. ಆಗ ಭಯವಾಯಿತು. ತೆಗೆದುಬಿಡಲೇ ಎಂದು ಯೋಚಿಸುವಷ್ಟರಲ್ಲಿ ಹಾಯ್ಟ್‌ನ ಬಲಗಾಲು ಮೇಲೆದ್ದಿತ್ತು, ತೋಳು ಕಿವಿಯ ಹಿಂದಿನಿಂದ ಬಂದಿತ್ತು.

ಸದ್ದು ಗ್ಲೌಸಿನ ಸದ್ದಿನಂತಿರಲಿಲ್ಲ. ಹಸಿ ಹಲಗೆ ಒಡೆದಂತೆ ಚಿಕ್ಕದಾಗಿತ್ತು. ಚೆಂಡು ಬೇಲಿಯತ್ತ ಉರುಳಿತು. ಕುಚೆರಾ ಹಿಂದಕ್ಕೆ ಕುಸಿದು ಮಣ್ಣಿನಲ್ಲಿ ಕೂತಿದ್ದ. ತೋರುಬೆರಳು ಹಿಂದಕ್ಕೆ, ಬಾಗಬಾರದ ಕಡೆಗೆ, ಬಾಗಿಕೊಂಡಿತ್ತು. ಏನೂ ಆಗಲಿಲ್ಲ. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಏನೂ ಆಗಲಿಲ್ಲ. ಮುಗಿಯಿತು, ಇದಕ್ಕೂ ಗೊತ್ತಾಗಲಿಲ್ಲ ಅಂದುಕೊಂಡ. ಆಮೇಲೆ ಮಣಿಕಟ್ಟಿನಿಂದ ಶುರುವಾಗಿ, ಮೊಣಕೈಯಲ್ಲಿ ತಿರುಗಿ, ಕಂಕುಳಿನವರೆಗೆ, ಕುತ್ತಿಗೆಯ ನರದವರೆಗೆ ಅದು ಹತ್ತಿಕೊಂಡು ಬಂತು. ಕಣ್ಣಿಗೆ ಕತ್ತಲೆ ಕವಿಯುವಂಥ ನೋವು. ಇಟ್ಟಿಗೆ. ಒಂದಲ್ಲ, ಗೋಡೆಗೆ ಗೋಡೆಯೇ. ಅವನು “ಅಮ್ಮಾ” ಅಂದ, ಚಿಕ್ಕಂದಿನ ಮನೆಮಾತಿನಲ್ಲಿ, ಅಮ್ಮ ಸತ್ತ ಮೇಲೆ ಆಡದಿದ್ದ ಭಾಷೆಯಲ್ಲಿ. ಕಣ್ಣಲ್ಲಿ ನೀರು ದಳದಳ ಸುರಿಯಿತು. ಅವನಿಗೆ ಬಹಳ ಸಂತೋಷವಾಯಿತು.

ಹಾಯ್ಟ್ ಓಡಿ ಬಂದು ಮೊಣಕಾಲೂರಿದ್ದ. “ದೇವರೇ. ಕೂಚ್. ಕೂಚ್, ನೋಡಿಲ್ಲಿ.”

ಫೋನು ಬಾರಿಸಿತು. ಸ್ಯಾಲ್ ಎತ್ತಲು ಹೋದ. “ಬಿಡೋ, ಅದು ನಂದು,” ಎಂದು ಕುಚೆರಾ ಎದ್ದು, ಎಡಗೈಯನ್ನು ಮಗುವಿನಂತೆ ಎದೆಗವಚಿಕೊಂಡು ಹೋಗಿ ಬಲಗೈಯಲ್ಲಿ ಎತ್ತಿಕೊಂಡ.

“ಏನಪ್ಪಾ?” ಅಂದ ಕ್ರೆಬ್ಸ್. “ಇದೆಯೋ ಇಲ್ವೋ?”

“ಇದೆ.”

“ಕಳಿಸು.” ಫೋನು ಕಟ್ಟಾಯಿತು.

ಇನ್ನೂ ಮಾತಿತ್ತು. ಬಾಯಿ ತೆರೆದುಕೊಂಡೇ ಇತ್ತು. ಕುಚೆರಾ ಮೂಕ ಫೋನನ್ನು ಗೂಟಕ್ಕೆ ನೇತುಹಾಕಿ, ಬೇಲಿಯ ಬಾಗಿಲಿನ ಅಗುಳಿ ತೆಗೆದ. ಹಾಯ್ಟ್ ಬಾಗಿಲಲ್ಲಿ ನಿಂತು ಅವನ ಕೈ ನೋಡಿದ, ಮುಖ ನೋಡಿದ. “ಸುಳ್ಳುಬುರುಕ ಅಂದ್ಯಲ್ಲೋ,” ಅಂದ. “ಅಂದೆ,” ಅಂದ ಕುಚೆರಾ. ಹಾಯ್ಟ್ ಹುಲ್ಲಿನ ಮೇಲೆ ನಡೆದುಹೋದ. ಉದ್ದನೆಯ ಬೆನ್ನು ಚಿಕ್ಕದಾಗುತ್ತಾ ಹೋಯಿತು. ಎರಡು ಸಾವಿರ ಜನರಲ್ಲಿ ಯಾರೋ ಒಬ್ಬ ಸಿಳ್ಳೆ ಹೊಡೆದ.

ಕುಚೆರಾ ಬಾಗಿಲು ಮುಚ್ಚಿದ. ಇಲ್ಲಿಗೆ ನಿಲ್ಲಿಸಬಹುದಿತ್ತು. ಹಾಯ್ಟ್‌ನ ಹೆಸರು ಪಟ್ಟಿಯಲ್ಲಿ ಉಳಿಯಬಹುದು. ಬೆರಳಿಗೆ, ಚೆಂಡು ತಪ್ಪಿ ತಗುಲಿತು ಅಂದರಾಯಿತು, ಯಾವ ಕ್ಯಾಚರ್‌ಗೆ ಬೆರಳು ಮುರಿದಿಲ್ಲ? ಮಾರ್ಚಿಗೆ ಕೂಡಿಕೊಳ್ಳುತ್ತದೆ. ಮಾರ್ಚಿಗೆ ಮತ್ತೆ ಇಲ್ಲಿ ಕೂತು, ಫೋನು ಬಾರಿಸಿದಾಗ ಎದ್ದು, ಗೊತ್ತಿಲ್ಲದ್ದನ್ನು ಗೊತ್ತು ಅನ್ನುತ್ತಾ... ಅವನು ಹಲಗೆ ಸಂದಿಗೆ ಕಣ್ಣಿಡಲಿಲ್ಲ. ಗೋಡೆಯ ಹತ್ತಿರ ಹೋಗಿ ಫೋನನ್ನು ಕೈಗೆತ್ತಿಕೊಂಡ. ಈ ಫೋನಿಗೆ ನಂಬರಿಲ್ಲ, ಎತ್ತಿದರೆ ಆ ಕಡೆ ಬಾರಿಸುತ್ತದೆ. ಇಪ್ಪತ್ತು ವರ್ಷದಲ್ಲಿ ದೊಡ್ಡಿಯಿಂದ ಬೆಂಚಿಗೆ ಯಾರೂ ಫೋನು ಮಾಡಿದ್ದಿಲ್ಲ. ಅವರು ಕೇಳುತ್ತಾರೆ, ಇವರು ಹೇಳುತ್ತಾರೆ, ಪದ್ಧತಿ ಅದು.

“ಏ, ಏನೋ ಮಾಡ್ತಿದೀಯ ನೀನು?” ಅಂದ ಸ್ಯಾಲ್.

ಬಹಳ ಹೊತ್ತು ಬಾರಿಸಿದ ಮೇಲೆ ಯಾರೋ ಎತ್ತಿದರು.

“ಯಾರದು?” ಕ್ರೆಬ್ಸ್‌ನ ದನಿ.

“ಕುಚೆರಾ. ದೊಡ್ಡಿಯಿಂದ.”

“ಏನೀಗ?”

“ನನ್ನ ಎಡಗೈಗೆ ಜುಲೈ ನಾಲ್ಕರಿಂದ ಏನೂ ಗೊತ್ತಾಗ್ತಿಲ್ಲ ಸರ್. ಮೂರು ತಿಂಗಳಿಂದ ನಾನು ಹೇಳಿದ್ದೆಲ್ಲ ಊಹೆ. ಲ್ಯಾಂಡ್ರಮ್ ಚೆಂಡಿಗೆ 'ಭಾರ ಇಲ್ಲ' ಅಂತ ಟೋಬಿನ್‌ಗೆ ನಾನಂದಿದ್ದೂ ಊಹೆ. ಬೇರೆ ಕ್ಯಾಚರ್‌ನ ನೋಡ್ಕೊಳ್ಳಿ.”

ಬೇಲಿಯಾಚೆ ಬ್ಯಾಟಿನ ಸದ್ದು, ಅದರ ಹಿಂದೆಯೇ ಜನ ಹೋ ಎಂದರು. ಅದು ಖುಷಿಯ ಕೂಗೋ ಸಿಟ್ಟಿನ ಕೂಗೋ ಇಲ್ಲಿಂದ ತಿಳಿಯುವಂತಿರಲಿಲ್ಲ.

“ಹಾಗಾದ್ರೆ,” ಅಂದ ಕ್ರೆಬ್ಸ್ ನಿಧಾನವಾಗಿ, “ಈಗ ಇದೆ ಅಂದ್ಯಲ್ಲ, ಅದು?”

ಕುಚೆರಾ ಎದೆಗವಚಿಕೊಂಡಿದ್ದ ಕೈಯನ್ನು ನೋಡಿದ. ಅದು ಊದಿಕೊಂಡು ಗ್ಲೌಸಿನಷ್ಟೇ ದಪ್ಪಗಾಗುತ್ತಿತ್ತು, ಎದೆಯ ಬಡಿತದ ಜೊತೆಗೇ ಮಿಡಿಯುತ್ತಿತ್ತು.

“ಅದು ನಿಜ ಸರ್,” ಅಂದ. “ನೋಯ್ತಾ ಇದೆ.”